ಎರಡನೇ ಚಾಲಕಿ

ಕಾರಿಗೆ ಕೊಟ್ಟದ್ದು ಮೂರು ಸಾವಿರದ ನಾನ್ನೂರು ಪೌಂಡು.
ಒಂದು ವರ್ಷದ ವಿಮೆಗೆ ಕೇಳಿದ್ದು
ನಾಲ್ಕು ಸಾವಿರದ ನೂರಾ ಎಂಬತ್ತು.
ಮೂಗಿಗಿಂತ ಮೂಗುತಿ ಭಾರ.
ಆದರೆ ಚುಚ್ಚಿಸಿಕೊಂಡಾಗಿತ್ತು;
ಇಳಿಜಾರಿನ ನಮ್ಮ ಸಾಲುಮನೆಗಳೆದುರು
ಅರ್ಧ ಫುಟ್‌ಪಾತಿನ ಮೇಲೆ ಹತ್ತಿ ನಿಂತಿತ್ತು
ನೀಲಿ ಸುಬಾರು, ಬಾನೆಟ್ಟಿನ ನಡುವೆ
ಗಾಳಿ ನುಂಗಲು ತೆರೆದ ಬಾಯಿ.

ತಮ್ಮ ರೊಡ್ರಿಗೆ ಹತ್ತೊಂಬತ್ತು.
ಕಾರು ಅವನಿಗಿಂತ ಎರಡು ವರ್ಷ ಹಿರಿಯದು.

ಪಾಂಟಿಪ್ರಿಥ್‌ನ ಗ್ಯಾರೇಜಿನಲ್ಲಿ ದಿನವಿಡೀ
ಊರವರ ಕಾರಿಗೆಲ್ಲ ಹೊಸ ಟೈರು ತೊಡಿಸುತ್ತಾನೆ,
ತನ್ನದರ ಮುಂದಿನ ಎಡಗಡೆಯದು
ಸಂಬಳದ ಶುಕ್ರವಾರದವರೆಗೂ ಬೋಳು.
ಸಾದಾ ಪೆಟ್ರೋಲು ಒಗ್ಗುವುದಿಲ್ಲ ಅದಕ್ಕೆ,
ಕೊನೆಯ ಪಂಪಿನ ದುಬಾರಿಯದೇ ಆಗಬೇಕು.
ಎಣ್ಣೆ ಕುಡಿಯುತ್ತದೆ, ಬ್ರೇಕು ತಿನ್ನುತ್ತದೆ.
ಇದನ್ನೆಲ್ಲ ಬರೆದಿಡುವವಳು ನಾನು,
ಹಸಿರು ರಟ್ಟಿನ ಕಾಪಿಪುಸ್ತಕದಲ್ಲಿ.
ಸೆಪ್ಟೆಂಬರಿನ ಪುಟದಲ್ಲಿ ಕ್ಲಚ್ಚು ಎಂಬ ಒಂದೇ ಪದ,
ಅದರ ಮುಂದೆ ಆರುನೂರಾ ನಲವತ್ತು,
ಅದರ ಕೆಳಗೆ ಬರೀ ಗೆರೆಗಳು.
ಆಗ ಬಸ್ಸಿನಲ್ಲಿ ಹೋಗುತ್ತಿದ್ದ.
ಸೆರೆನ್ ಎಂಬ ಹುಡುಗಿಯನ್ನು ಸಿನಿಮಾಕ್ಕೆ ಕರೆದೊಯ್ದ.
ಟಿಕೆಟ್ಟು ಅವಳೇ ಕೊಂಡಳು.

ವಿಮೆ ಕಂಪನಿಯ ಫೋನಿನಲ್ಲಿ ಒಬ್ಬಳು ಹೇಳಿಕೊಟ್ಟಳು:
ಮನೆಯ ಹಿರಿಯರ ಹೆಸರನ್ನು ಎರಡನೇ ಚಾಲಕರೆಂದು ಸೇರಿಸಿ ನೋಡಿ.
ಸೇರಿಸಿದೆವು. ಮವಾನ್ವಿ ಪ್ರೊಸರ್, ಎಪ್ಪತ್ತೆರಡು,
ಐವತ್ತು ವರ್ಷದಲ್ಲಿ ಒಂದೂ ದಂಡ ಕಟ್ಟಿದವಳಲ್ಲ,
ನಮ್ಮ ಮಾಮ್‌ಗಿ, ಅಮ್ಮನ ಅಮ್ಮ.
ಒಂಬೈನೂರು ಪೌಂಡು ಇಳಿಯಿತು.
ಜೊತೆಗೆ ಡ್ಯಾಶ್‌ಬೋರ್ಡಿನ ಕೆಳಗೊಂದು ಕಪ್ಪು ಪೆಟ್ಟಿಗೆ ಬಂತು,
ಇಸ್ಪೀಟು ಕಟ್ಟಿನಷ್ಟು,
ವೇಗ, ತಿರುವು, ಬ್ರೇಕು ತುಳಿದ ಕಾಲಿನ ಸಿಟ್ಟು
ಎಲ್ಲ ಅಳೆದು ಕಂಪನಿಗೆ ಚಾಡಿ ಹೇಳಲು.

ತುಂಬು ಬಸುರಿಯನ್ನು ಕೂರಿಸಿಕೊಂಡವನಂತೆ ಓಡಿಸಿದ ರೊಡ್ರಿ.
ಇನ್ನೂರಿಪ್ಪತ್ತು ಕುದುರೆ, ಗಂಟೆಗೆ ಇಪ್ಪತ್ತು ಮೈಲಿ;
ಬ್ಯಾಂಡಿನವರನ್ನು ಕರೆಸಿ
ಪಿಸುಗುಟ್ಟಿ ಎಂದ ಹಾಗೆ.
ನೂರಕ್ಕೆ ತೊಂಬತ್ತಮೂರು ಅಂಕ ಬಂತು.
ಶಾಲೆಯಲ್ಲಿ ಕಂಡರಿಯದ್ದು, ಫ್ರಿಜ್ಜಿಗೆ ಅಂಟಿಸಿದೆ.

ಮಾರ್ಚಿಯ ಒಂದು ಭಾನುವಾರ, ಊಟ ಮುಗಿಸಿ
ಮಾಮ್‌ಗಿ ಕೈ ಚಾಚಿದಳು.
"ಕಾಗದದಲ್ಲಿ ನನ್ನ ಹೆಸರೂ ಇದೆಯಲ್ಲ, ಕೀಲಿ ಕೊಡು."

ಗೊತ್ತಿರಲಿಲ್ಲ ಎಂದಲ್ಲ, ಮರೆತಿದ್ದೆವು:
ಗಣಿ ಇನ್ನೂ ತೆರೆದಿದ್ದ ಕಾಲದಲ್ಲಿ
ಹಾಲಿನ ವ್ಯಾನು ಓಡಿಸುತ್ತಿದ್ದಳು,
ಬೆಳಗಿನ ನಾಲ್ಕಕ್ಕೆ ಬುಲ್ಖ್ ಬೆಟ್ಟದ ಆಚೆಗೆ,
ಮಂಜಿನಲ್ಲಿ, ಒಂದು ಬಾಟಲಿಯೂ ಒಡೆಯದೆ.

ಸೀಟು ಮುಂದೆಳೆದುಕೊಂಡಳು. ಕನ್ನಡಕ ಒರೆಸಿದಳು.
ರೊಡ್ರಿ ಪಕ್ಕದಲ್ಲಿ, ನಾನು ಹಿಂದೆ.
ಕೊನೆಯ ಮನೆ ದಾಟಿ, ಇಪ್ಪತ್ತರ ಫಲಕ ದಾಟಿ
ದಾರಿ ಬಿಚ್ಚಿಕೊಂಡಿತು.
ಎರಡನೇ ಗೇರು.
ಆ ಬಾಯಿ ಗಾಳಿ ನುಂಗಿದ ಸದ್ದು
ಅವತ್ತೇ ನಾವು ಮೊದಲು ಕೇಳಿದ್ದು.
ಕುರಿಗಳು ತಲೆಯೆತ್ತಿದವು.
ತಿರುವಿನಲ್ಲಿ ನಾನು ಈ ಬಾಗಿಲಿನಿಂದ ಆ ಬಾಗಿಲಿಗೆ ಜಾರಿದೆ.
"ಪೆಟ್ಟಿಗೆ, ಮಾಮ್‌ಗಿ, ಪೆಟ್ಟಿಗೆ" ಅನ್ನುತ್ತಿದ್ದ ರೊಡ್ರಿ.
"ಅದಕ್ಕೂ ಗೊತ್ತಾಗಲಿ" ಅಂದಳು.

ತುದಿಯಲ್ಲಿ ಐಸ್‌ಕ್ರೀಮ್ ವ್ಯಾನಿನ ಪಕ್ಕ ನಿಲ್ಲಿಸಿ
ಮೂರು ಕೋನು ತಂದಳು, ತನ್ನ ದುಡ್ಡಲ್ಲಿ.
ಇಂಜಿನ್ನು ಟಿಕ್ ಟಿಕ್ ಎಂದು ತಣಿಯುತ್ತಿತ್ತು.
ಯಾರೂ ಮಾತಾಡಲಿಲ್ಲ.

ಬುಧವಾರ ಪತ್ರ ಬಂತು. ಅಂಕ ನಲವತ್ತೊಂದು.
ಹೆಚ್ಚುವರಿ ಇನ್ನೂರ ಅರವತ್ತು ಪೌಂಡು,
ಇನ್ನೊಮ್ಮೆ ಹೀಗಾದರೆ ವಿಮೆ ರದ್ದು.
ಜೊತೆಗೊಂದು ಹಾಳೆ: ಎಳೆಯ ಚಾಲಕರಿಗೆ ಬುದ್ಧಿಮಾತು.
ಮಾಮ್‌ಗಿ ಅದನ್ನು ಕೊನೆಯತನಕ ಓದಿ
ಮಡಿಸಿ ಕೈಚೀಲಕ್ಕೆ ಹಾಕಿಕೊಂಡಳು.

ಇದನ್ನು ಯಾವ ಬಾಬ್ತಿಗೆ ಬರೆಯಲಿ, ಕೇಳಿದೆ ನಾನು.
ಟೈರಲ್ಲ, ಎಣ್ಣೆಯಲ್ಲ, ದುರಸ್ತಿಯಂತೂ ಅಲ್ಲ.
ರೊಡ್ರಿ ಹೊರಗೆ ಹೋಗಿ, ಕುಕ್ಕರುಗಾಲಲ್ಲಿ ಕೂತು
ಮುಂದಿನ ಎಡ ಚಕ್ರ ತಡವಿ ಬಂದು,
ಪ್ಯಾಂಟಿಗೆ ಕೈ ಒರೆಸಿಕೊಳ್ಳುತ್ತ ಅಂದ:
"ಹೊಸದು ಹಾಕಿಸಬೇಕು. ಭಾನುವಾರದೊಳಗೆ."