ಯಾರ ಇಚ್ಛೆ

ಕಾರವಾರದ ಪ್ರಯೋಗಾಲಯ, ರಾತ್ರಿ ಒಂಬತ್ತೂವರೆ.
ಕಿಟಕಿಯಾಚೆ ಬೈತಕೋಲದ ದೋಣಿಗಳ ದೀಪ,
ಪರದೆಯ ಮೇಲೆ ಇನ್ನೊಂದು ಕಿಟಕಿ:
ಎಡಕ್ಕೆ ನನ್ನ ಕಾಲಂಗಳ ಹೆಸರು,
ಬಲಕ್ಕೆ ಎರಡು ಖಾಲಿ ಬುಟ್ಟಿ.
ಸ್ಥಿರ. ಯಾದೃಚ್ಛಿಕ.
ಯಾವುದನ್ನು ಯಾವುದಕ್ಕೆ, ನೀನೇ ಎಳೆದು ಹಾಕು.

ಉಪ್ಪು: ಸ್ಥಿರ. ಇದಕ್ಕೆ ಯೋಚನೆ ಬೇಡ.
ತದಡಿಯ ಅಳಿವೆ ಬಾಯಿ, ನಡುನೀರು, ಮಿರ್ಜಾನಿನ ಕಡೆಯ ಸಪ್ಪೆ,
ಮೂರನ್ನೂ ನಾನೇ ಆರಿಸಿದ್ದು,
ಆ ಮೂರರ ಬಗ್ಗೆಯೇ ನನ್ನ ಪ್ರಶ್ನೆ.
ಹೊಯ್ಗೆ ದಿಬ್ಬ: ಯಾದೃಚ್ಛಿಕ.
ಇಳಿತಕ್ಕೆ ಬೆನ್ನು ತೋರುವ ಎಷ್ಟೋ ದಿಬ್ಬಗಳಲ್ಲಿ
ಚೀಟಿ ಎತ್ತಿ ಪಡೆದ ಆರು.
ಈ ಆರೂ ಮುಳುಗಿ ಬೇರೆ ಆರು ಎದ್ದರೂ
ನನ್ನ ಮಾತು ನಿಲ್ಲಬೇಕು.

ಉಳಿದದ್ದು ಒಂದೇ ಕಾಲಂ, 'ಹೆಕ್ಕಿದವರು'.
ಅದರಲ್ಲಿ 1, 2, 3 ಅಂತಷ್ಟೇ ಇದೆ.

2 ಅಂದರೆ ಬೀರಮ್ಮ ಹರಿಕಂತ್ರ.
ಸೊಂಟದವರೆಗಿನ ನೀರಲ್ಲಿ ನಿಂತು, ಕಾಲ ಬೆರಳಿಂದಲೇ
ಬಳಚು ಬದುಕಿದೆಯೋ, ಕೆಸರು ತುಂಬಿದ ಬರಿ ಚಿಪ್ಪೋ
ಹೇಳುವವಳು.
ಚೌಕದೊಳಗಿನದೆಲ್ಲ ಬೇಕು, ಸಣ್ಣದೂ ಬೇಕು ಅಂದರೆ
'ಅವು ಮಕ್ಕಳು, ಬಿಡು' ಎನ್ನುತ್ತ
ನಾನು ಅತ್ತ ತಿರುಗಿದ್ದೇ ನೀರಿಗೆ ಚೆಲ್ಲಿದವಳು.
ನನ್ನ ಲೆಕ್ಕದಲ್ಲಿ ಅವಳ ಬಳಚುಗಳು
ಉಳಿದಿಬ್ಬರದಕ್ಕಿಂತ ಎರಡು ಮಿಲಿಮೀಟರ್ ಉದ್ದ.

ಏನೂ ಹೇಳದಿದ್ದರೆ ಈ ತಂತ್ರಾಂಶ
ಎಲ್ಲರನ್ನೂ ಸ್ಥಿರ ಎಂದೇ ತಿಳಿಯುತ್ತದೆ. ಹಾಗೇ ಬಿಟ್ಟು ಒತ್ತಿದೆ.
ಉಪ್ಪಿನ ಮುಂದೆ: ಸೊನ್ನೆ ಬಿಂದು ಸೊನ್ನೆ ಸೊನ್ನೆ ನಾಲ್ಕು.
ಗೈಡು ರಾಯ್ಕರರು ಚಹಾ ತರಿಸುವಂಥ ಸಂಖ್ಯೆ.
ಆಮೇಲೆ ದಿಬ್ಬವನ್ನೂ ಹೆಕ್ಕಿದವರನ್ನೂ
ಎರಡನೇ ಬುಟ್ಟಿಗೆ ಎಳೆದೆ.
ಮೇಲಿನ ಅಂಕೆ ಅಲುಗಲಿಲ್ಲ, ಕೆಳಗಿನ ಛೇದ ಬದಲಾಯಿತು.
ಸೊನ್ನೆ ಬಿಂದು ಒಂದು ಮೂರು.
ಅದೇ ನೀರು, ಅದೇ ಬಳಚು, ಅದೇ ಮೂವರು ಹೆಂಗಸರು;
ಚಹಾ ಇಲ್ಲ.

ಹೋದ ವಾರ ತದಡಿಯ ಜೆಟ್ಟಿಯಲ್ಲಿ
ಬಿಸ್ಕೀಟು ಅದ್ದುತ್ತಿದ್ದವಳಿಗೆ ಹೇಳಿದ್ದೆ:
ಲೆಕ್ಕದಲ್ಲಿ ನಿನ್ನನ್ನ ಯಾದೃಚ್ಛಿಕ ಅಂತ ಬರೀಬೇಕಾಗ್ತದೆ.
'ಯಾರ ಇಚ್ಛೆ?' ಅಂದಳು.
ನಕ್ಕೆ. ಅವಳು ನಗಲಿಲ್ಲ. ಉತ್ತರಕ್ಕೆ ಕಾದಳು.
ಅಂದರೆ, ನಿನ್ನ ಜಾಗದಲ್ಲಿ ಯಾರಿದ್ದರೂ...
ಅಷ್ಟರಲ್ಲಿ ನಾಲಗೆಗೆ ಹೊಯ್ಗೆ ಸಿಕ್ಕಿತು.
ಯಾರಿದ್ದರೂ ಮಕ್ಕಳನ್ನು ನೀರಿಗೆ ಚೆಲ್ಲುತ್ತಿದ್ದರೇ?
'ಬರೂ ವರ್ಸ ಮತ್ತೆ ಬತ್ಯಲೆ,
ಆಗ ನನ್ನೇ ಹುಡ್ಕ್ತ್ಯಾ, ದಂಡೀಲಿ ಯಾರ್ ಸಿಕ್ರೆ ಅವ್ರಾ?'

ಪುಸ್ತಕದಲ್ಲಿ ಎಂಟು ಪುಟ ಹಿಡಿದಿದೆ ಈ ಪರೀಕ್ಷೆ.
ಅವಳಿಗೆ ಒಂದು ಬಿಸ್ಕೀಟು ನೆನೆಯುವ ಹೊತ್ತು.

ಈಗ ಆ ಕಾಲಮ್ಮಿಗೆ ಹೋಗಿ
2 ಇದ್ದಲ್ಲೆಲ್ಲ ಬೀರಮ್ಮ ಎಂದು ತುಂಬಿದೆ.
ತಂತ್ರಾಂಶ ಗೊಣಗಲಿಲ್ಲ. ಮತ್ತೆ ಒತ್ತಿದೆ.
ಸೊನ್ನೆ ಬಿಂದು ಒಂದು ಮೂರು. ಹೆಸರಿಗೆ ತೂಕವಿಲ್ಲ.
ಯಾದೃಚ್ಛಿಕ ಬುಟ್ಟಿಯಲ್ಲೇ ಬಿಟ್ಟೆ, ಅದೇ ಸರಿ,
ಹಾಗೇ ರಾಯ್ಕರರಿಗೆ ಕಳಿಸಿದೆ.

ನಾಳೆ ಇಳಿತ ಬೆಳಗ್ಗೆ ಐದೂ ಇಪ್ಪತ್ತಕ್ಕೆ.
ಬೀರಮ್ಮನಿಗೆ ಫೋನು ಮಾಡಿದೆ. ಎತ್ತಲಿಲ್ಲ.
ಇನ್ನೊಮ್ಮೆ ಮಾಡಿದೆ.
ಆಮೇಲೆ ಮಾಣಕಿಗೆ.