ಗೂಡಿನ ಪಾಲು

ನೂರು ಮಣ ಕಲ್ಲು ಒಳಗೆ,
ಐವತ್ತಾರು ಮಣ ಸುಣ್ಣ ಹೊರಗೆ.
ಉಳಿದದ್ದೆಲ್ಲಿ ಪಾಲಯ್ಯ, ಎಂದು
ಹೊಸದಾಗಿ ಗೂಡು ಗುತ್ತಿಗೆ ಹಿಡಿದ ದಾವಣಗೆರೆಯ ಸಾಹುಕಾರ
ಲೆಕ್ಕದ ಪುಸ್ತಕ ಮಡಿಚಿ ಕೇಳಿದ.
ಗೂಡಿನ ಪಾಲು ಬುದ್ಧಿ, ಅಂದ ನಮ್ಮಪ್ಪ.
ಅವನಿಗೆ ಗೊತ್ತಿದ್ದದ್ದು ಅಷ್ಟೇ.
ಅವನಪ್ಪ ಹೇಳಿಕೊಟ್ಟಿದ್ದೂ ಅಷ್ಟೇ.

ಗೂಡಿನ ಪಾಲೆಂದರೆ ಕಳ್ಳನ ಪಾಲು
ಎಂದು ಹಿರಿಯೂರಿನ ತನಕ ಸುದ್ದಿ.
ಸಂತೆಯಲ್ಲಿ ತಕ್ಕಡಿ ಹಿಡಿದವರೂ ನಕ್ಕರು,
ತಕ್ಕಡಿ ಹಿಡಿದವರು!
ಅಪ್ಪ ಮತ್ತೆ ಗೂಡಿನ ಬಾಯಿಗೆ ಹೋಗಲಿಲ್ಲ.
ಕುಂಚ ಹಿಡಿದ. ನನಗೂ ಹಿಡಿಸಿದ.

ಮೊನ್ನೆ ಮಾರಿಕಣಿವೆಯ ಆಚೆ, ಪಾಳುಬಿದ್ದ ಕ್ವಾರಿಯಲ್ಲಿ
ಭಟ್ಕಳದ ಹುಡುಗಿಯೊಬ್ಬಳು, ಸಫೂರಾ,
ಕುಡಿಯುವ ನೀರನ್ನೇ ಸುರಿದು ಕಲ್ಲು ಒರೆಸುತ್ತಿದ್ದಳು,
ಉಂಡ ಮಗುವಿನ ಮೂತಿ ಒರೆಸಿದ ಹಾಗೆ.
ಒದ್ದೆಯಾದಲ್ಲೆಲ್ಲ ಗೆರೆ ಎದ್ದವು:
ಅಡ್ಡ ಹೆಚ್ಚಿದ ಈರುಳ್ಳಿ.
ಪಾಚಿ ಅಕ್ಕಾ, ಅಂದಳು.
ಇಲ್ಲಿ ಕಡಲಿತ್ತು. ಮೀನಿಗೂ ಮೊದಲು.

ಮೀನಿಲ್ಲದ ಕಡಲು!
ನಾನು ಮೀನಿರುವ ಕಡಲನ್ನೇ ಕಂಡವಳಲ್ಲ.

ಅವಳೂರಲ್ಲಿ ಇಳಿತಕ್ಕೆ ಬಂಡೆ ಕಾಣುತ್ತವಂತೆ,
ಎಣ್ಣೆ ಹಚ್ಚಿ ಬಿಟ್ಟ ಕೂದಲಂಥ ಕಡಲಪಾಚಿ.
ನಾವು ಬಿಟ್ಟ ಉಸಿರು, ಲಾರಿ ಬಿಟ್ಟ ಹೊಗೆ,
ನೀರಲ್ಲಿ ಕರಗಿದ್ದನ್ನು ಹೀರಿ ಮೈ ಬೆಳೆಸುತ್ತದೆ.
ಹರಿದದ್ದು ತೇಲಿ, ಮುಳುಗಿ, ಕೆಸರು ಸೇರುತ್ತದೆ.
ಎಲ್ಲ ಅಲ್ಲ, ಅಂದಳು ಖಂಡಿತ ಮಾಡಿ,
ಬಹಳಷ್ಟು ವಾಪಸ್ ಗಾಳಿಗೇ. ಉಳಿಯೋದು ಒಂದು ಚಿಟಿಕೆ.
ನಿಮ್ಮ ಕಲ್ಲಿನದು ಅದಕ್ಕಿಂತ ಹಳೇ ಖಾತೆ.

ಸುಟ್ಟರೆ?
ಬಿಟ್ಟು ಹೋಗುತ್ತೆ.
ನೂರಕ್ಕೆ ನಲವತ್ತನಾಲ್ಕು.

ನಾನು ಕಲ್ಲಿನ ಮೇಲೇ ಕೂತುಬಿಟ್ಟೆ.
ಅವಳು ನೀರು ಕೊಡಲು ನೋಡಿದಳು; ಬಾಟಲಿ ಬರಿದು.

ಆಮೇಲೆ ನಾನೇ ಕೇಳಿದೆ, ಕೈಕಸುಬಿನ ಪ್ರಶ್ನೆ:
ಬಳಿದ ಸುಣ್ಣ ಹಸಿಯಲ್ಲಿ ಮಂಕು,
ಬೆಳಗಿಗೆ ಬಿಳಿ, ತಿಂಗಳಿಗೆ ಉಗುರೂ ಇಳಿಯದು,
ಯಾಕೆ?
ಹೋದದ್ದನ್ನೇ ಗಾಳಿಯಿಂದ
ಮೆಲ್ಲಗೆ ಎಳೆದುಕೊಂಡು ಕಲ್ಲಾಗುತ್ತೆ ಅಕ್ಕಾ.
ಸೌದೆಯ ಹೊಗೆ ಮಾತ್ರ ಹೋದದ್ದು ಹೋಯಿತು.

ಸಾಹುಕಾರನ ಮನೆ, ಮಹಡಿಯ ಕೋಣೆ,
ಮೂರು ಕೈ ಬಳಿದವರು ನಾವೇ, ಅಪ್ಪ ಮತ್ತು ನಾನು.
ಅವನು ಒರಗಿ ಮಲಗುವ ಗೋಡೆಯೊಳಗೆ
ರಾತ್ರಿಯಿಡೀ ಬಂದು ಸೇರಿರಬೇಕು
ಅಪ್ಪ ಕದ್ದ ಮಾಲು.

ಗೋಡೆಯನ್ನು ತಕ್ಕಡಿಗೆ ಹಾಕಲು ಬರುವುದಿಲ್ಲ.