ಲಾಡ್ಜಿನ ಕೀಲಿ ಕೊಡುವಾಗ

ತೊಗೊರ್ರಿ, ಏಳನೇ ನಂಬರ್ ಖೋಲಿ.
ಬಾಗಿಲಾ ತುಸು ಮ್ಯಾಲೆತ್ತಿ ಕೀಲಿ ಎಡಕ್ಕ ತಿರವ್ರಿ;
ಒದ್ದರ ತೆರಿಯೂದಿಲ್ಲ, ಭಾಳ ಮಂದಿ ಒದ್ದು ನೋಡ್ಯಾರ.

ಮೈಸೂರ ಕಡೆಯವರು ಅಂತ ರಿಜಿಸ್ಟರಿನ್ಯಾಗ ಬರದೀರಿ,
ಪರದೇಶಕ್ಕ ಬಂದವರಂಗ ಯಾಕ ನಿಂತೀರಿ?
ಬೋರ್ಡ ನೋಡಿ ಅಂಜಬ್ಯಾಡ್ರಿ. ಸೊಲ್ಲಾಪುರ
ಬರಿಯೂದು ಒಂದು ಲಿಪಿ, ಬೈಯೂದು ನಾಕು ಭಾಷಾ.

ಹನ್ನೊಂದರ ಮ್ಯಾಲ ಬಿಸಲಾಗ ಬೀಳಬ್ಯಾಡ್ರಿ.
ಬಿದ್ದರ ಕಿಸೆದಾಗ ಒಂದು ಉಳ್ಳಾಗಡ್ಡಿ ಇರಲಿ.
ಯಾಕಂತ ಕೇಳಬ್ಯಾಡ್ರಿ, ನಮ್ಮವ್ವನೂ ಹೇಳಲಿಲ್ಲ.

ರಿಕ್ಷಾದವಗ ಹಿಂದಿ ಹಚ್ಚಿದರ ದರ ಏರತದ;
"ಏ ಅಣ್ಣಾ" ಅನ್ರಿ, ಒಂದೀಟು ಇಳಿತದ.
ದೀಡಶೆ ಅಂದರ ನೂರಾ ಐವತ್ತು,
ಅಡೀಚಶೆ ಅಂದರ ಎರಡುನೂರಾ ಐವತ್ತು.
ಇವೆರಡರ ನಡುವ ಜಾರಿ ಬಿದ್ದವರ ರೊಕ್ಕದಾಗ
ಪ್ಯಾಟ್ಯಾಗ ಮಾಳಿಗಿ ಎದ್ದಾವ.

ಭಕ್ರಿ ಕಡಕ್ ಇರತದ,
ಹಪ್ಪಳ ಹಳೇದು ಅಂತ ವಾಪಸ್ ಕಳಸಬ್ಯಾಡ್ರಿ.

ಚಾದರ ತೊಗೊಳ್ಳೂ ಮುಂಚೆ ಅಂಚಿನ ಎಳಿ ಒಂದು ಹಿರಕೊಂಡು
ಕಡ್ಡಿ ಗೀರ್ರಿ. ಬೂದಿ ಆದರ ಹತ್ತಿ,
ಗಂಟಾಗಿ ಅಂಟಿದರ ಬ್ಯಾರೆ ಏನೋ.
ಅಂಗಡ್ಯಾಂವ ಬೈತಾನ, ಬೈಲಿ.
ಇಪ್ಪತ್ತೆರಡು ವರ್ಷ ಮಿಲ್ಲಿನ್ಯಾಗ ಅದೇ ಎಳಿ ಹಿಡಿದ ಕೈ ಇದು,
ಈಗ ಕೀಲಿ ಹಿಡಿತದ.
ಹೋಗಲಿ.

ಮತ್ತ, ಯಾರರ "ಕಾಯ್?" ಅಂದರ ಕಾಯಬ್ಯಾಡ್ರಿ.
ಮರಾಠ್ಯಾಗ ಅದು "ಏನು?" ಅಂತ.
ನಮ್ಮವ್ವ ಗುರುಪಾದವ್ವ, ಅಫಜಲಪುರದ ಮಗ್ಗಲ ಹಳ್ಳ್ಯಾಕಿ,
ಅಪ್ಪನ ಚೀಟಿ ಹಿಡಕೊಂಡು ದವಾಖಾನಿ ಕಿಡಕಿ ಮುಂದ ನಿಂತಾಗ
ಒಳಗಿನಾಕಿ "ಕಾಯ್?" ಅಂದಳಂತ.
ಅವ್ವ ಕಾದಳು.
ತಾಸಿಗೊಮ್ಮೆ ಹೋಗಿ ಮುಖ ತೋರಸೂದು,
ತಾಸಿಗೊಮ್ಮೆ ಆಕಿ "ಕಾಯ್?",
"ಎಷ್ಟಂತ ಕಾಯಲೇ ಯವ್ವಾ" ಅಂತ ಈಕಿ.
ಸಂಜಿಗೆ ಕಸಾ ಹೊಡಿಯಾಕ ಬಂದ ತೆಲುಗರ ಬಾಲಮಣಿ
ರಟ್ಟಿ ಹಿಡಿದು "ಇಕ್ಕಡ" ಅಂದಳು.
ಅದು ತಿಳೀತು ಅವ್ವಗ.
ಅಪ್ಪ ಬದುಕಿದ ಬಿಡ್ರಿ,
ಮುಂದ ಒಂಬತ್ತು ವರ್ಷ ಬಂದವರಿಗೆಲ್ಲಾ ಇದನ್ನ ಹೇಳಿ ನಗತಿದ್ದ.
ಅವ್ವ ನಗತಿರಲಿಲ್ಲ.

ಅದಕ್ಕ, ದಾರಿ ತಪ್ಪಿದರ ಫೋನ್ ತಿಕ್ಕಬ್ಯಾಡ್ರಿ.
ನಿಂತಲ್ಲೇ ನಿಂತು ಒಂದು ಮಾತು ಕೇಳ್ರಿ.
ಮರಾಠ್ಯಾಂವ "ಇಕಡೆ" ಅಂತಾನ,
ತೆಲುಗರಾಂವ "ಇಕ್ಕಡ",
ನಾವು "ಈ ಕಡೆ".
"ಆ ಕಡೆ" ಅನ್ನೂದರಾಗ ತುಸು ಫರಕ್ ಅದ,
ಅದು ನಿಮಗ್ಯಾಕ, ನಾಳಿ ಬಸ್ಸು ಹತ್ತಾವರಿಗೆ.

ಬಿಸಿನೀರು ಆರರಿಂದ ಏಳು, ಆಮ್ಯಾಲ ತಣ್ಣಂದು.
ಹಾಸಿಗಿ ಮ್ಯಾಲಿನ ಚಾದರ ನಮ್ಮ ಮಿಲ್ಲಿಂದು,
ಬಾಗಿಲಾ ಹಾಕೂ ಹಿಂದಿನ ವಾರದ್ದು.
ಕಡ್ಡಿ ಗೀರಿ ನೋಡಬ್ಯಾಡ್ರಿ.